ಬುಕಿತ್ ಚಂಡುವಿನ ಗುಡ್ಡದಲ್ಲಿ ನಿಂತವರು

ಪ್ರಶ್ನೆ: ಮಗಳ ಮನೆಗೆಂದು ಸಿಂಗಪುರಕ್ಕೆ ಹೋದಾಗ ಬುಕಿತ್ ಚಂಡು ಎಂಬ ಗುಡ್ಡದ ಮೇಲಿನ ಪುಟ್ಟ ವಸ್ತುಸಂಗ್ರಹಾಲಯವನ್ನು ನೋಡಿದೆ. 1942ರಲ್ಲಿ 42 ಮಂದಿ ಮಲಯ ಸೈನಿಕರು 13,000 ಜಪಾನಿಯರನ್ನು ಎದುರಿಸಿ ಅಲ್ಲಿಯೇ ಮಡಿದರು ಎಂದು ಜೊತೆಯಲ್ಲಿದ್ದವರು ಹೇಳಿದರು. ಜಪಾನಿಯರು ಸಿಖ್ಖರಂತೆ ಪೇಟ ಸುತ್ತಿಕೊಂಡು ಬಂದು ಸಿಕ್ಕಿಬಿದ್ದ ಕಥೆಯನ್ನೂ ಕೇಳಿದೆ. ಇದರಲ್ಲಿ ನಿಜವೆಷ್ಟು? ಮಾರನೆಯ ದಿನವೇ ಊರು ಶರಣಾಯಿತೆಂದ ಮೇಲೆ ಅವರು ಸತ್ತು ಯಾರಿಗೇನು ಬಂತು? ನಮ್ಮ ಮೈಸೂರಿನ ಸೈನಿಕರೂ ಆಗ ಅಲ್ಲಿದ್ದರಂತೆ, ಹೌದೇ?

ಉತ್ತರ: ಮೊದಲು ಆ 13,000ದ ಲೆಕ್ಕವನ್ನು ಮುಗಿಸಿಬಿಡೋಣ. ಸಂಖ್ಯೆಗಳ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಅದು ಹೆಚ್ಚುಕಡಿಮೆ ಒಂದು ಇಡೀ ಜಪಾನೀ ಡಿವಿಷನ್ನಿನ ಬಲ. ಒಂದು ಡಿವಿಷನ್ ಎಂದರೆ ಫಿರಂಗಿಯವರು, ಇಂಜಿನಿಯರುಗಳು, ಸಾಮಾನು ಹೊರುವವರು, ಅಡುಗೆಯವರು ಎಲ್ಲ ಸೇರಿದ ಜಾತ್ರೆ. ಅಷ್ಟೂ ಜನ ಒಂದು ಸಣ್ಣ ಗುಡ್ಡದ ಮೇಲೆ ಒಮ್ಮೆಗೇ ಏರಿ ಬರಲು ಜಾಗವೇ ಇಲ್ಲ. ನೀವು ಆ ಗುಡ್ಡವನ್ನು ಕಂಡಿದ್ದೀರಿ. ಈ ಕಡೆಯಲ್ಲಿಯೂ 42 ಮಂದಿ ಮಾತ್ರ ಇರಲಿಲ್ಲ. ಲೆಫ್ಟಿನೆಂಟ್ ಅದ್ನಾನ್ ಬಿನ್ ಸೈದಿಯ ಏಳನೆಯ ಪ್ಲಟೂನಿನಲ್ಲಿ, ಅಂದರೆ ಕಂಪನಿಯೊಳಗಿನ ಒಂದು ಸಣ್ಣ ತುಕಡಿಯಲ್ಲಿ, ಇದ್ದವರು 42 ಜನ. ಅದರ ಅಕ್ಕಪಕ್ಕದಲ್ಲಿ ಮಲಯ ರೆಜಿಮೆಂಟಿನ ಬೇರೆ ಕಂಪನಿಗಳಿದ್ದವು, ಲಾಯಲ್ಸ್ ಎಂಬ ಬ್ರಿಟಿಷ್ ಬೆಟಾಲಿಯನ್ ಇತ್ತು, 44ನೆಯ ಭಾರತೀಯ ಬ್ರಿಗೇಡ್ ಇತ್ತು. ಹೀಗೆ ಎರಡೂ ತುದಿ ಕತ್ತರಿಸಿದ ಮೇಲೂ ಉಳಿಯುವ ಸಂಗತಿ ಸಣ್ಣದಲ್ಲ. ದಣಿದು, ತೆಳುವಾಗಿ, ನೆರೆಯವರಿಂದ ಕಡಿದುಹೋಗಿದ್ದ ಒಂದು ಕಂಪನಿ, ಹಲವು ಪಟ್ಟು ದೊಡ್ಡದಾದ ಪಳಗಿದ ಪಡೆಯನ್ನು ಒಂದು ಮಧ್ಯಾಹ್ನದ ಕಾಲ ಎದುರಿಸಿ ನಿಂತಿತು.

ನೀವು ನಿಂತಿದ್ದ ಜಾಗದ ಬಗ್ಗೆ ಎರಡು ಮಾತು. ಮಲಯ ಭಾಷೆಯಲ್ಲಿ ಬುಕಿತ್ ಎಂದರೆ ಗುಡ್ಡ, ಚಂಡು ಎಂದರೆ ಸೇದಲು ಹದಗೊಳಿಸಿದ ಅಫೀಮು. ಹಿಂದಿಯ ‘ಚಂಡೂಖಾನೆ’ ಎಂಬ ಮಾತನ್ನು ಕೇಳಿದವರಿಗೆ ಪದದ ಗುರುತು ಸಿಗುತ್ತದೆ. ವಸಾಹತು ಸರ್ಕಾರದ ಅಫೀಮು ಪೊಟ್ಟಣ ಕಟ್ಟುವ ಕಾರ್ಖಾನೆ ಇದ್ದದ್ದು ಆ ಗುಡ್ಡದ ಬುಡದಲ್ಲಿ. ಸೈನ್ಯದ ನಕ್ಷೆಯಲ್ಲಿ ಅದರ ಹೆಸರು ಇನ್ನೂ ನೀರಸ: ಪಾಯಿಂಟ್ 226. ಅಂದರೆ 226 ಅಡಿ ಎತ್ತರ, ಬೆಂಗಳೂರಿನ ಯಾವುದೋ ಇಪ್ಪತ್ತು ಮಹಡಿಯ ಕಟ್ಟಡದಷ್ಟು. ಅದು ಪಾಸಿರ್ ಪಂಜಾಂಗ್ ಎಂಬ ದಿಣ್ಣೆಸಾಲಿನ ಪೂರ್ವದ ಕಡೆಯ ಒಂದು ಉಬ್ಬು. ಈಗಿನ ನಕ್ಷೆಯಲ್ಲಿ ಆ ಸಾಲನ್ನು ಹುಡುಕಿದರೆ ‘ಕೆಂಟ್ ರಿಡ್ಜ್’ ಎಂದು ಸಿಗುತ್ತದೆ. 1952ರಲ್ಲಿ ಕೆಂಟ್‌ನ ರಾಜಮನೆತನದವರು ಬಂದುಹೋದ ಮೇಲೆ ಹೆಸರು ಬದಲಾಯಿತು. ರಾಷ್ಟ್ರೀಯ ವಿಶ್ವವಿದ್ಯಾಲಯ ಇರುವುದೂ ಅದೇ ಸಾಲಿನ ಮೇಲೆ.

ಈ ಮಲಯ ರೆಜಿಮೆಂಟ್ ಎಲ್ಲಿಂದ ಬಂತು ಎಂಬುದನ್ನು ಹೇಳದೆ ಯುದ್ಧಕ್ಕೆ ಇಳಿದರೆ ಕಥೆ ಅರ್ಧವಾಗುತ್ತದೆ. ಬ್ರಿಟಿಷರಿಗೆ ‘ಯುದ್ಧಕುಲ’ಗಳ ಸಿದ್ಧಾಂತ ಒಂದು ತಲೆಗೆ ಹತ್ತಿತ್ತು. ಪಂಜಾಬಿ, ಪಠಾಣ, ಗೂರ್ಖಾ ಇವರು ಹುಟ್ಟಾ ಯೋಧರು. ಉಳಿದವರು ಗುಮಾಸ್ತಿಕೆಗೆ, ಬೇಸಾಯಕ್ಕೆ ಸರಿ. ಇದೇ ತಕ್ಕಡಿಯಲ್ಲಿ ತೂಗಿ ಹಳೆಯ ಮದ್ರಾಸ್ ಸೈನ್ಯದಿಂದ ದಕ್ಷಿಣದವರನ್ನು ಕ್ರಮೇಣ ಕಡಿಮೆ ಮಾಡಿದ್ದು ನಮಗೆ ಗೊತ್ತಿರುವ ಕಥೆ. ಮಲಯರ ಬಗ್ಗೆಯೂ ಅದೇ ತೀರ್ಮಾನ: ಒಳ್ಳೆಯ ಜನ, ಆದರೆ ಶಿಸ್ತಿನ ಸೈನಿಕ ಜೀವನ ಅವರಿಗೆ ಒಗ್ಗುವುದಿಲ್ಲ. ಮಲಯ ಸುಲ್ತಾನರು ಬಹಳ ಕಾಲ ಒತ್ತಾಯಿಸಿದ ಮೇಲೆ, 1933ರ ಮಾರ್ಚ್ 1ರಂದು, ಪೋರ್ಟ್ ಡಿಕ್ಸನ್ನಿನಲ್ಲಿ 25 ಹುಡುಗರನ್ನು ತೆಗೆದುಕೊಂಡು ಒಂದು ತುಕಡಿ ಕಟ್ಟಿದರು. ಅದಕ್ಕೆ ಇಟ್ಟ ಹೆಸರೇ ‘ಪ್ರಾಯೋಗಿಕ ಕಂಪನಿ’. ಸೋತರೆ ಮುಚ್ಚಿಬಿಡುವ ಉದ್ದೇಶ ಆ ಹೆಸರಿನಲ್ಲಿಯೇ ಇದೆ.

ಪ್ರಯೋಗ ಸೋಲಲಿಲ್ಲ. ಐದು ವರ್ಷಗಳಲ್ಲಿ ಅದು ಪೂರ್ಣ ಬೆಟಾಲಿಯನ್ ಆಯಿತು. ಯುದ್ಧ ಹೊಸ್ತಿಲಿಗೆ ಬಂದಾಗ, 1941ರ ಡಿಸೆಂಬರಿನಲ್ಲಿ, ಎರಡನೆಯ ಬೆಟಾಲಿಯನ್ನನ್ನೂ ಕಟ್ಟಿದರು. ಮೊದಲ ವರ್ಷವೇ ಸೇರಿದವರಲ್ಲಿ ಸೆಲಾಂಗೋರಿನ ಕಾಜಂಗ್ ಹತ್ತಿರದ ಹಳ್ಳಿಯ ಅದ್ನಾನ್ ಒಬ್ಬ. 1915ರಲ್ಲಿ ಹುಟ್ಟಿದವನು, ಇಂಗ್ಲಿಷ್ ಶಾಲೆಯಲ್ಲಿ ಓದಿ ಉಪಾಧ್ಯಾಯನಾಗಲು ತರಬೇತಿ ಪಡೆದಿದ್ದವನು. ಬೇಗ ಮೇಲೇರಿದ. 1937ರಲ್ಲಿ ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆಗೆ ಲಂಡನ್ನಿಗೆ ಹೋದ ಮಲಯ ತುಕಡಿಯಲ್ಲಿ ಅವನಿದ್ದ. ಆಮೇಲೆ ಅಧಿಕಾರಿಯಾದ. ಅಂದರೆ ಅವನು ಕವಾಯತು ಮೈದಾನದಲ್ಲಿ ಬೆಳೆದ ಸೈನಿಕ. ಈ ಕವಾಯತಿನ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಎದುರಾಳಿ. ಜಪಾನೀ ಸೇನಾಪತಿ ಯಮಾಶಿತಾನ 25ನೆಯ ಸೈನ್ಯ 1942ರ ಫೆಬ್ರವರಿ 8ರ ರಾತ್ರಿ ಜೋಹೊರ್ ಜಲಸಂಧಿಯನ್ನು ದಾಟಿ ದ್ವೀಪದ ವಾಯವ್ಯ ಕರಾವಳಿಯಲ್ಲಿ ಇಳಿಯಿತು. ಅಲ್ಲಿ ಇದ್ದದ್ದು ಆಸ್ಟ್ರೇಲಿಯದ 22ನೆಯ ಬ್ರಿಗೇಡ್. ಕಾಯಬೇಕಾದ ದಡ ಉದ್ದ, ಕಾಯುವವರು ಕಡಿಮೆ. ಬೆಳಗಾಗುವುದರೊಳಗೆ ಸಾಲು ಒಡೆದುಹೋಗಿತ್ತು. 11ರ ಹೊತ್ತಿಗೆ ಬುಕಿತ್ ತಿಮಾ, ಅಂದರೆ ದ್ವೀಪದ ನಡುಮಧ್ಯದ ಎತ್ತರ, ಜಪಾನಿಯರ ಕೈಯಲ್ಲಿತ್ತು. ಅಲ್ಲಿಂದ ಊರಿನ ಮೇಲೆ ಮೂರು ದಾರಿಯಲ್ಲಿ ಬಂದರು. 5ನೆಯ ಡಿವಿಷನ್ ಹೆದ್ದಾರಿ ಹಿಡಿದು, ಚಕ್ರವರ್ತಿಯ ಅಂಗರಕ್ಷಕ ಡಿವಿಷನ್ ಉತ್ತರದ ಕೆರೆಗಳ ಕಡೆಯಿಂದ, ರೆನ್ಯಾ ಮುತಾಗುಚಿಯ 18ನೆಯ ಡಿವಿಷನ್ ನೈರುತ್ಯದ ಈ ದಿಣ್ಣೆಸಾಲಿನ ಮೇಲೆ. ಮುತಾಗುಚಿ ಎಂಬ ಹೆಸರು ಎಲ್ಲೋ ಕೇಳಿದಂತಿದೆ ಎನಿಸಿದರೆ ನಿಮ್ಮ ನೆನಪು ಸರಿಯಾಗಿಯೇ ಇದೆ. ಎರಡು ವರ್ಷದ ಮೇಲೆ ಇಂಫಾಲ, ಕೊಹಿಮಾಗಳಿಗೆ ಸೈನ್ಯ ನುಗ್ಗಿಸಿ ಅದನ್ನು ಹಸಿವಿಗೂ ಮಳೆಗೂ ಬಲಿಕೊಟ್ಟವನು ಇವನೇ.

ಅವನ ಡಿವಿಷನ್ನಿನಲ್ಲಿ ದಿಣ್ಣೆಸಾಲಿನ ಮೇಲೆ ಬಿದ್ದದ್ದು 56ನೆಯ ಪದಾತಿ ರೆಜಿಮೆಂಟ್. ಇದೊಂದು ವಿವರವನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 1941ರ ಡಿಸೆಂಬರ್ 8ರ ನಡುರಾತ್ರಿ ಮಲಯದ ಈಶಾನ್ಯ ತುದಿಯ ಕೋತಾ ಭಾರುವಿನಲ್ಲಿ, ಪರ್ಲ್ ಹಾರ್ಬರಿನ ದಾಳಿಗಿಂತಲೂ ಸ್ವಲ್ಪ ಮೊದಲೇ, ಅಲೆಗಳ ನಡುವೆ ದಡಕ್ಕೆ ಇಳಿದದ್ದು ಇದೇ ರೆಜಿಮೆಂಟ್. ಅಂದು ಅದನ್ನು ಎದುರಿಸಿದವರು 17ನೆಯ ಡೋಗ್ರಾ ರೆಜಿಮೆಂಟಿನ ಮೂರನೆಯ ಬೆಟಾಲಿಯನ್ನಿನ ಭಾರತೀಯರು. ಕಾಂಕ್ರೀಟಿನ ಗೂಡುಗಳಲ್ಲಿ ಕುಳಿತು ಕೈಗೆ ಕೈ ಹತ್ತುವವರೆಗೆ ಗುಂಡು ಹಾರಿಸಿದ ಆ ಡೋಗ್ರಾಗಳದ್ದೂ ಒಂದು ಕೊನೆಯ ನಿಲುವೇ, ಅದಕ್ಕೆ ವಸ್ತುಸಂಗ್ರಹಾಲಯವಿಲ್ಲ ಅಷ್ಟೇ. ಅಲ್ಲಿಂದ ಆರಂಭಿಸಿ 68 ದಿನಗಳಲ್ಲಿ ಪರ್ಯಾಯ ದ್ವೀಪದ ಉದ್ದಕ್ಕೂ ಇಳಿದು ಬುಕಿತ್ ಚಂಡುವಿನ ಬುಡಕ್ಕೆ ಬಂದಿದ್ದವರು ಸೋಲು ಕಂಡವರಲ್ಲ. ಊರು ಇನ್ನೇನು ಕೈಗೆ ಬಂತು ಎಂಬ ಅವಸರದಲ್ಲಿದ್ದರು.

ಆ ದಿಣ್ಣೆಸಾಲಿನ ಆಚೆಗೆ ಏನಿತ್ತು ಎಂದು ನೋಡಿದರೆ ಅವಸರಕ್ಕೆ ಕಾರಣ ತಿಳಿಯುತ್ತದೆ. ಅಲೆಕ್ಸಾಂಡ್ರಾದ ಮದ್ದುಗುಂಡಿನ ಉಗ್ರಾಣ, ನಾರ್ಮಂಟನ್ ಎಣ್ಣೆ ಭಂಡಾರ, ಸೈನ್ಯದ ದೊಡ್ಡ ಆಸ್ಪತ್ರೆ, ಅವುಗಳ ಹಿಂದೆ ಬಂದರು, ಊರು.

ಫೆಬ್ರವರಿ 13, ಶುಕ್ರವಾರ. ಫಿರಂಗಿ, ಮೋರ್ಟಾರುಗಳ ಮಳೆ ಸುರಿದ ಮೇಲೆ ಜಪಾನೀ ಪದಾತಿಗಳು ಮೇಲೇರಿದರು. ದಿಣ್ಣೆಸಾಲನ್ನು ಬ್ಯುವೊನಾ ವಿಸ್ತಾ ರಸ್ತೆ ಅಡ್ಡ ಹಾಯುವ ಕಣಿವೆಬಾಯಿಗೆ ‘ಗ್ಯಾಪ್’ ಎನ್ನುತ್ತಿದ್ದರು. ಅದ್ನಾನ್ ಇದ್ದ ಸಿ ಕಂಪನಿ ಅಂದು ಕಾದದ್ದು ಅಲ್ಲಿ. ಇಡೀ ದಿನದ ಹೋರಾಟದ ಮೇಲೆ ಸಾಲಿನ ಪಶ್ಚಿಮ ಭಾಗ ಕೈಬಿಟ್ಟಿತು. ನಡುರಾತ್ರಿಯಲ್ಲಿ ಹಿಂದೆ ಸರಿಯುವ ಆಜ್ಞೆ ಬಂತು. ಉಳಿದವರು ಕತ್ತಲೆಯಲ್ಲಿ ನಡೆದು ಪಾಯಿಂಟ್ 226ಕ್ಕೆ ಬಂದು ಮತ್ತೆ ಕಂದಕ ತೋಡಿದರು. ಕಂಪನಿಯ ನಾಯಕ ಕ್ಯಾಪ್ಟನ್ ರಿಕ್ಸ್, ಕೊನೆಯವರೆಗೂ ನಿಲ್ಲಬೇಕೆಂದು ಹುಡುಗರಿಗೆ ಹೇಳಿದವನು, ಈ ಹೋರಾಟದಲ್ಲಿಯೇ ಸತ್ತ.

ಅದೇ ಶುಕ್ರವಾರ ಮಧ್ಯಾಹ್ನ, ಕೆಲವೇ ಮೈಲಿ ದೂರದ ಫೋರ್ಟ್ ಕ್ಯಾನಿಂಗ್‌ನಲ್ಲಿ, ಸೇನಾಪತಿ ಪರ್ಸಿವಲ್ ತನ್ನ ಜನರಲ್‌ಗಳನ್ನು ಕೂರಿಸಿಕೊಂಡು ಸಭೆ ನಡೆಸುತ್ತಿದ್ದ. ಇನ್ನು ಹೋರಾಡಿ ಫಲವಿಲ್ಲ ಎಂದು ಅವರಲ್ಲಿ ಹಿರಿಯರು ಆಗಲೇ ಹೇಳುತ್ತಿದ್ದರು. ಮೂರು ದಿನದ ಹಿಂದೆ ಚರ್ಚಿಲ್ ಲಂಡನ್ನಿನಿಂದ ತಂತಿ ಕಳಿಸಿ, ಕೊನೆಯವರೆಗೂ ಹೋರಾಡಬೇಕು, ಹಿರಿಯ ಅಧಿಕಾರಿಗಳು ತಮ್ಮ ಸೈನಿಕರೊಡನೆ ಸಾಯಬೇಕು ಎಂದಿದ್ದ. ಆ ತಂತಿಯನ್ನು ಅಕ್ಷರಶಃ ಪಾಲಿಸಿದವರು ಅದನ್ನು ಕಣ್ಣಿನಿಂದಲೂ ನೋಡಿರದ ಒಬ್ಬ ಕ್ಯಾಪ್ಟನ್ ಮತ್ತು ಒಬ್ಬ ಲೆಫ್ಟಿನೆಂಟ್. ಇದನ್ನು ಬರೆಯುವಾಗ ಜನರಲ್‌ಗಳ ಮೇಲೆ ನನಗೆ ಸಿಟ್ಟು ಬರುತ್ತದೆ, ಮರುಗಳಿಗೆಯಲ್ಲಿ ಊರೊಳಗೆ ನೀರಿಲ್ಲದೆ ಸಿಕ್ಕಿಕೊಂಡಿದ್ದ ಸುಮಾರು ಹತ್ತು ಲಕ್ಷ ಜನ ನೆನಪಾಗುತ್ತಾರೆ. ಹಾಗಾಗಿ ಆ ಸಭೆಯ ಬಗ್ಗೆ ತೀರ್ಪು ಕೊಡುವ ಗೋಜಿಗೆ ಹೋಗುವುದಿಲ್ಲ.

ಈಗ ಪೇಟದ ಕಥೆ. ನನ್ನ ಪ್ರಕಾರ ಇಡೀ ಪ್ರಸಂಗದ ತಿರುಳು ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

14ರ ಮಧ್ಯಾಹ್ನ ಗುಡ್ಡದ ಕಡೆಗೆ ಒಂದು ತುಕಡಿ ಏರಿ ಬಂತು. ತಲೆಗೆ ಪೇಟ, ಮೈಗೆ ಬ್ರಿಟಿಷ್ ಭಾರತೀಯ ಸೈನ್ಯದ ಸಮವಸ್ತ್ರ. ನೋಡಿದರೆ ಪಂಜಾಬಿ ಸೈನಿಕರು ಹಿಂದೆ ಸರಿದು ತಮ್ಮವರ ಕಡೆಗೆ ಬರುತ್ತಿದ್ದಾರೆ ಎನ್ನುವಂತಿತ್ತು. ಹೀಗೆ ಹಗಲು ಹೊತ್ತಿನಲ್ಲಿ ವೇಷ ಹಾಕಿಕೊಂಡು ನಡೆದು ಬರುವ ಮೂರ್ಖತನವನ್ನು ಯಾರಾದರೂ ಮಾಡುತ್ತಾರೆಯೇ ಎಂದು ಕೆಲವರು ಕೇಳುವುದುಂಟು. ಆ ವಾರದ ಚಿತ್ರ ಕಣ್ಣೆದುರಿಗಿದ್ದರೆ ಈ ಪ್ರಶ್ನೆ ಬರುವುದಿಲ್ಲ. ಮಲಯ ರೆಜಿಮೆಂಟಿನ ಬಲಬದಿಗೆ ಇದ್ದ 44ನೆಯ ಭಾರತೀಯ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳು ಪಂಜಾಬ್ ರೆಜಿಮೆಂಟುಗಳವು. ಜನವರಿ ಕೊನೆಯಲ್ಲಷ್ಟೇ ಹಡಗಿನಿಂದ ಇಳಿದಿದ್ದ, ಹೊಸಬರೇ ಹೆಚ್ಚಾಗಿದ್ದ ಆ ಬ್ರಿಗೇಡ್ ಜುರಾಂಗ್ ಕಡೆಯಿಂದ ಇದೇ ದಾರಿಯಲ್ಲಿ ಹಿಂದೆ ಬಂದಿತ್ತು. ಪೇಟದವರು ಗುಂಪುಗುಂಪಾಗಿ ಹಿಂದಕ್ಕೆ ನಡೆದು ಬರುವುದು ಆ ದಿಣ್ಣೆಯಲ್ಲಿ ಆಗ ದಿನನಿತ್ಯದ ನೋಟ. ವೇಷ ಆಯ್ದವನು ಮೂರ್ಖನಲ್ಲ, ಬಹಳ ಲೆಕ್ಕ ಹಾಕಿಯೇ ಆಯ್ದಿದ್ದಾನೆ.

ಅವನ ಲೆಕ್ಕ ತಪ್ಪಿದ್ದು ಕಾಲಿನಲ್ಲಿ. ಬಂದವರು ನಾಲ್ವರ ಸಾಲಿನಲ್ಲಿ ನಡೆಯುತ್ತಿದ್ದರು. ಬ್ರಿಟಿಷ್ ಪದ್ಧತಿಯ ಸೈನ್ಯಗಳು ಮೂವರ ಸಾಲಿನಲ್ಲಿ ನಡೆಯುತ್ತವೆ. ಅದ್ನಾನ್ ಇದನ್ನು ಗಮನಿಸಿದ ಎನ್ನುತ್ತದೆ ಕಥೆ. ಇಲ್ಲಿ ನಾನು ಒಂದು ಮಾತು ಸೇರಿಸುತ್ತೇನೆ. ಬ್ರಿಟಿಷ್ ಸೈನ್ಯವೂ ಹಿಂದೆ ನಾಲ್ವರ ಸಾಲಿನಲ್ಲಿಯೇ ನಡೆಯುತ್ತಿತ್ತು. ಮೂವರ ಸಾಲಿಗೆ ಬದಲಾದದ್ದು ಎರಡನೆಯ ಮಹಾಯುದ್ಧಕ್ಕೆ ಕೆಲವೇ ವರ್ಷ ಮೊದಲು. 1933ರಲ್ಲಿ ಸೇರಿದ ಅದ್ನಾನ್ ಮೊದಲು ನಾಲ್ಕನ್ನು ಕಲಿತು, ಆಮೇಲೆ ಅದನ್ನು ಮರೆತು ಮೂರನ್ನು ಕಲಿತು, ತನ್ನ ಕೈಕೆಳಗಿನವರಿಗೂ ಕಲಿಸಿದವನಿರಬೇಕು. ಪಾಠ ಬದಲಾಯಿಸಿ ಮತ್ತೆ ಕಲಿಸಿದ ಮೇಷ್ಟರಿಗೆ ಹಳೆಯ ತಪ್ಪು ಎಷ್ಟು ದೂರದಿಂದ ಕಾಣುತ್ತದೆ ಎಂದು ಯಾವ ಮೇಷ್ಟರನ್ನಾದರೂ ಕೇಳಿ ನೋಡಿ. ಎಲ್ಲರಿಗೂ ಪೇಟ ಕಂಡಾಗ ಇವನಿಗೆ ಸಾಲು ಕಂಡದ್ದು ನನಗೆ ಆಶ್ಚರ್ಯ ತರುವುದಿಲ್ಲ.

ಕಂಡದ್ದಕ್ಕಿಂತ ದೊಡ್ಡದು ಆಮೇಲೆ ಅವನು ಮಾಡಿದ್ದು. ಅನುಮಾನ ಬಂದೊಡನೆ ಗುಂಡು ಹಾರಿಸಲಿಲ್ಲ. ಅನುಮಾನ ತಪ್ಪಾಗಿದ್ದರೆ ಸಾಯುವವರು ತನ್ನ ಕಡೆಯವರೇ. ದೂರದಲ್ಲಿಯೇ ಹಾರಿಸಿದರೆ ಅರ್ಧಕ್ಕರ್ಧ ಜನ ತಪ್ಪಿಸಿಕೊಂಡು ಪೊದೆ ಸೇರುತ್ತಾರೆ. ಅವರು ತೀರ ಹತ್ತಿರ ಬರುವವರೆಗೆ ತನ್ನವರ ಬೆರಳನ್ನು ತಡೆದು ಹಿಡಿದ. ಲೂಯಿಸ್ ಗನ್ನುಗಳು, ಅಂದರೆ ಮೊದಲ ಮಹಾಯುದ್ಧದ ಕಾಲದ ಹಳೆಯ ಮೆಷಿನ್ ಗನ್ನುಗಳು, ಒಮ್ಮೆಗೇ ಗುಂಡು ಹಾರಿಸಿದವು. ಸುಮಾರು ಇಪ್ಪತ್ತು ಮಂದಿ ಅಲ್ಲಿಯೇ ಬಿದ್ದರೆಂದು ಹೇಳಿಕೆ. ಉಳಿದವರು ತೆವಳಿಕೊಂಡು ಇಳಿಜಾರು ಸೇರಿದರು. ಎರಡು ದಿನ ನಿದ್ದೆಯಿಲ್ಲದ, ಹಿಂದಿನ ದಿನವಷ್ಟೇ ನೆಲೆ ಕಳೆದುಕೊಂಡು ಬಂದ ಹುಡುಗರನ್ನು ಹಾಗೆ ಕಾಯಿಸುವುದು ಎಷ್ಟು ಕಷ್ಟ ಎಂಬುದು ಬಂದೂಕು ಹಿಡಿದು ಕಾವಲು ಕೂತವರಿಗೆ ಮಾತ್ರ ಪೂರ್ತಿ ತಿಳಿಯುತ್ತದೆ. ಈ ಯುದ್ಧದಲ್ಲಿ ಒಂದೇ ಒಂದು ಗಳಿಗೆಯನ್ನು ಆರಿಸು ಎಂದರೆ ನಾನು ಆರಿಸುವುದು ಕೊನೆಯ ಗಳಿಗೆಯನ್ನಲ್ಲ, ಈ ಕಾದ ಗಳಿಗೆಯನ್ನು.

ಎರಡು ಗಂಟೆಯ ಬಳಿಕ ವೇಷವಿಲ್ಲದೆ ಬಂದರು. ಗುಂಪುಗುಂಪಾಗಿ, ಕೂಗುತ್ತ. ಮಲಯರ ಬಳಿ ಮದ್ದುಗುಂಡು ಮುಗಿಯುತ್ತ ಬಂದಿತ್ತು. ಗ್ರೆನೇಡು, ಬಂದೂಕು, ಕೊನೆಗೆ ಬಯೊನೆಟ್ಟು, ಮುಷ್ಟಿ. ಅದ್ನಾನ್ ಗಾಯಗೊಂಡಿದ್ದ, ಹಿಂದಕ್ಕೆ ಹೋಗಲು ಒಪ್ಪಲಿಲ್ಲ, ತಾನೇ ಲೂಯಿಸ್ ಗನ್ ಹಿಡಿದು ಕುಳಿತ ಎನ್ನುತ್ತಾರೆ ಬದುಕುಳಿದವರು. ಅವನ ಬಾಯಲ್ಲಿ ಸದಾ ಇದ್ದದ್ದೆಂದು ಮಲಯರು ನೆನೆಯುವ ಗಾದೆ ಒಂದಿದೆ: ‘ಬಿಯಾರ್ ಪುತಿಹ್ ತುಲಾಂಗ್, ಜಂಗಾನ್ ಪುತಿಹ್ ಮಾತಾ’. ಮೂಳೆ ಬೆಳ್ಳಗಾದರೂ ಆಗಲಿ, ಕಣ್ಣು ಬೆಳ್ಳಗಾಗದಿರಲಿ. ಸತ್ತು ಮೂಳೆ ಬಿಳುಪೇರುವುದು ಮೇಲು, ಅವಮಾನದಿಂದ ಕಣ್ಣು ಬಿಳುಪೇರುವುದು ಬೇಡ ಎಂದು ಅದರ ಇಂಗಿತ.

ಅವರು ಏಕೆ ಹಿಂದೆ ಸರಿಯಲಿಲ್ಲ ಎಂಬುದಕ್ಕೆ ಗಾದೆಯಷ್ಟೇ ಉತ್ತರವಲ್ಲ. ಗುಡ್ಡದ ಹಿಂದೆ ಒಂದು ದೊಡ್ಡ ಕಾಲುವೆ ಇತ್ತು. ಸಿ ಕಂಪನಿಗೂ ಅದರ ನೆರೆಯ ಡಿ ಕಂಪನಿಗೂ ನಡುವೆ ಹರಿಯುತ್ತಿದ್ದದ್ದು ಅದೇ. ಆ ದಿನ ಅದರಲ್ಲಿ ಹರಿಯುತ್ತಿದ್ದದ್ದು ನಾರ್ಮಂಟನ್ ಭಂಡಾರದಿಂದ ಒಡೆದು ಬಂದ ಎಣ್ಣೆ, ಅದೂ ಧಗಧಗ ಉರಿಯುತ್ತ. ಮುಂದೆ ಶತ್ರು, ಹಿಂದೆ ಬೆಂಕಿಯ ಹೊಳೆ. ಹಿಂದೆ ಸರಿಯುವ ಮನಸ್ಸಿದ್ದವನಿಗೂ ದಕ್ಷಿಣದ ದಾರಿ ಮುಚ್ಚಿತ್ತು. ಇದನ್ನು ಹೇಳಿದರೆ ಅವರ ಶೌರ್ಯ ಕಡಿಮೆಯಾಯಿತೆಂದು ಕೆಲವರು ಮುನಿಸಿಕೊಳ್ಳುತ್ತಾರೆ. ದಾರಿ ಮುಚ್ಚಿದ್ದರೂ ಬಂದೂಕು ಕೆಳಗಿಟ್ಟು ಕೈ ಎತ್ತುವ ದಾರಿ ತೆರೆದೇ ಇತ್ತಲ್ಲ. ಆ ವಾರ ದ್ವೀಪದಲ್ಲಿ ಅದನ್ನು ಹಿಡಿದವರು ಕಡಿಮೆಯೇನಲ್ಲ.

ಅದ್ನಾನನ ಸಾವಿನ ಬಗ್ಗೆ ವಸ್ತುಸಂಗ್ರಹಾಲಯದಲ್ಲಿ ನೀವು ಕೇಳಿದ್ದನ್ನು ಇಲ್ಲಿ ಪೂರ್ತಿ ವರ್ಣಿಸುವುದಿಲ್ಲ. ಸೆರೆ ಸಿಕ್ಕಿದ, ಗೋಣಿಚೀಲಕ್ಕೆ ತುಂಬಿ ಮರಕ್ಕೆ ತಲೆಕೆಳಗಾಗಿ ಕಟ್ಟಿ ಬಯೊನೆಟ್ಟಿನಿಂದ ಇರಿದು ಕೊಂದರು ಎಂಬುದು ಒಂದು ಹೇಳಿಕೆ. ಮೊದಲು ಕೊಂದು ಆಮೇಲೆ ದೇಹಕ್ಕೆ ಹಾಗೆ ಮಾಡಿದರು ಎಂಬುದು ಇನ್ನೊಂದು. ಹೆಣಗಳ ನಡುವೆ ಸತ್ತಂತೆ ಬಿದ್ದುಕೊಂಡು ಉಳಿದ ಕಾರ್ಪೊರಲ್ ಯಾಕೂಬ್ ಮೊದಲಾದವರ ಮಾತುಗಳಿಂದ ಬೆಳೆದು ಬಂದ ಚಿತ್ರ ಅದು. ಅವನ ದೇಹ ಸಿಗಲಿಲ್ಲ, ಸಮಾಧಿ ಇಲ್ಲ ಎಂಬುದು ಮಾತ್ರ ಖಚಿತ. ನಮ್ಮ ಊರುಗಳ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ಇರುತ್ತದೆ, ಮೇಲೇರಿದಂತೆ ಅಪ್ಸರೆಯರು, ಕೈಲಾಸ. ಯುದ್ಧದ ಕಥೆಗಳನ್ನು ಓದುವಾಗ ನಾನು ಕೆಳಗಿನ ಪಟ್ಟಿಕೆಯಲ್ಲಿಯೇ ಹೆಚ್ಚು ಹೊತ್ತು ನಿಲ್ಲುವವನು. ಆ ಪಟ್ಟಿಕೆ ಇಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ಇಡೀ ಮಲಯ ಯುದ್ಧದಲ್ಲಿ ರೆಜಿಮೆಂಟ್ ಕಳೆದುಕೊಂಡವರು 159 ಮಂದಿ: ಆರು ಬ್ರಿಟಿಷ್ ಅಧಿಕಾರಿಗಳು, ಏಳು ಮಲಯ ಅಧಿಕಾರಿಗಳು, 146 ಸೈನಿಕರು. ಅವರಲ್ಲಿ ಬಹಳ ಜನ ಸತ್ತದ್ದು ಈ ದಿಣ್ಣೆಸಾಲಿನ ಎರಡು ದಿನಗಳಲ್ಲಿ. ‘ಪ್ರಾಯೋಗಿಕ ಕಂಪನಿ’ ಎಂದು ಹೆಸರಿಟ್ಟ ಬ್ರಿಟಿಷ್ ಸೈನ್ಯದವನೇ ಆದ ಪರ್ಸಿವಲ್, ಮುಂದೆ ತನ್ನ ವರದಿಯಲ್ಲಿ ಇವರ ದೃಢತೆಯನ್ನು ಬಾಯಿ ತುಂಬ ಹೊಗಳಿದ.

ಸತ್ತು ಯಾರಿಗೇನು ಬಂತು ಎಂದು ಕೇಳಿದ್ದೀರಿ. ಸೈನಿಕ ಲೆಕ್ಕದಲ್ಲಿ ಹೇಳಬೇಕೆಂದರೆ, ಸಮಯ. ಅದೂ ಗಂಟೆಗಳ ಲೆಕ್ಕದ ಸಮಯ. ಗುಡ್ಡ ಬಿದ್ದ ಮೇಲೆ ಅಲೆಕ್ಸಾಂಡ್ರಾದ ಕಡೆಗೆ ದಾರಿ ತೆರೆಯಿತು. ಆದರೆ ಯಮಾಶಿತಾನ ಸ್ಥಿತಿಯನ್ನೂ ನೋಡಬೇಕು. ಅವನ ಸೈನ್ಯ ಎದುರಿನ ಪಡೆಯ ಅರ್ಧದಷ್ಟೂ ಇರಲಿಲ್ಲ, ಮದ್ದುಗುಂಡು ತಳ ಕಾಣುತ್ತಿತ್ತು. ಯುದ್ಧ ಬೀದಿಬೀದಿಗೆ ಇಳಿದರೆ ತಾನು ಸೋಲುತ್ತೇನೆಂಬ ಭಯ ತನಗಿತ್ತೆಂದು ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ. ಅಂಥವನಿಗೆ ಒಂದೊಂದು ಗಂಟೆಯೂ ದುಬಾರಿ. ಎಲ್ಲ ಗುಡ್ಡಗಳಲ್ಲಿಯೂ ಹೀಗೆ ನಿಂತಿದ್ದರೆ ಎಂಬ ‘ರೆ’ಯನ್ನು ಸಿಂಗಪುರದ ಬಗ್ಗೆ ಬರೆಯುವವರು ಬಹಳ ಇಷ್ಟಪಡುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಕೆರೆಗಳು ಹೋಗಿದ್ದವು, ನೀರಿನ ಕೊಳವೆಗಳು ಒಡೆದಿದ್ದವು, ಆಕಾಶ ಪೂರ್ತಿ ಜಪಾನಿಯರದಾಗಿತ್ತು. ಇನ್ನೆರಡು ದಿನ ಹೆಚ್ಚು ನಿಂತಿದ್ದರೆ ಸೋಲು ಎರಡು ದಿನ ತಡವಾಗುತ್ತಿತ್ತು, ಊರಿನಲ್ಲಿ ಇನ್ನಷ್ಟು ಹೆಣಗಳು ಬೀಳುತ್ತಿದ್ದವು. ಅದ್ನಾನನಿಗೆ ಈ ಯಾವ ಲೆಕ್ಕವೂ ಗೊತ್ತಿರಲು ಸಾಧ್ಯವಿಲ್ಲ. ಮಾರನೆಯ ದಿನ ಶರಣಾಗತಿ ಎಂದು 14ರ ಮಧ್ಯಾಹ್ನ ಪರ್ಸಿವಲ್‌ನೇ ತೀರ್ಮಾನಿಸಿರಲಿಲ್ಲ. ಕೊನೆ ತಿಳಿದ ನಾವು ಇಂದು ಕುಳಿತು ಅವರ ಸಾವನ್ನು ವ್ಯರ್ಥ ಎನ್ನುವುದು ಸುಲಭ. ಅವರಿಗೆ ತಿಳಿದಿದ್ದದ್ದು ಇಷ್ಟೇ: ಇದು ನಮಗೆ ಕೊಟ್ಟ ಗುಡ್ಡ, ಬಿಡು ಎಂಬ ಆಜ್ಞೆ ಬಂದಿಲ್ಲ.

ಅದೇ ಶನಿವಾರ ನಡೆದ ಇನ್ನೊಂದು ಸಂಗತಿಯನ್ನು ಬಿಟ್ಟರೆ ಉತ್ತರ ಅಪ್ರಾಮಾಣಿಕವಾಗುತ್ತದೆ. ಜಪಾನೀ ಸೈನಿಕರು ಅಲೆಕ್ಸಾಂಡ್ರಾ ಸೈನಿಕ ಆಸ್ಪತ್ರೆಗೆ ನುಗ್ಗಿದರು. ಬಿಳಿ ಬಾವುಟ ಹಿಡಿದು ಎದುರು ಹೋದ ಅಧಿಕಾರಿಯನ್ನೇ ಇರಿದು ಕೊಂದು, ರೋಗಿಗಳನ್ನೂ ವೈದ್ಯರನ್ನೂ ಬಿಡದೆ, ಎರಡು ದಿನಗಳಲ್ಲಿ ಸುಮಾರು ಇನ್ನೂರು ಮಂದಿಯನ್ನು ಕೊಂದರು. ಗುಡ್ಡದಲ್ಲಿ ತಿಂದ ಪೆಟ್ಟಿನ ಸೇಡು ಇದು ಎನ್ನುವವರಿದ್ದಾರೆ. ಹಿಂದೆ ಸರಿಯುತ್ತಿದ್ದ ಸೈನಿಕರು ಆಸ್ಪತ್ರೆಯ ಆವರಣದಿಂದ ಗುಂಡು ಹಾರಿಸಿದ್ದು ಕಾರಣ ಎನ್ನುವವರೂ ಇದ್ದಾರೆ. ಹಾಸಿಗೆಯಲ್ಲಿ ಮಲಗಿದ್ದವನನ್ನು ಇರಿದದ್ದಕ್ಕೆ ಕಾರಣ ಹುಡುಕಿ ಕೊಡುವ ಕೆಲಸ ನನ್ನದಲ್ಲ.

ಫೆಬ್ರವರಿ 15, ಭಾನುವಾರ. ಚೀನೀಯರ ಹೊಸ ವರ್ಷದ ಮೊದಲ ದಿನ. ಸಂಜೆ ಬುಕಿತ್ ತಿಮಾದ ಫೋರ್ಡ್ ಮೋಟಾರ್ ಕಾರ್ಖಾನೆಯಲ್ಲಿ ಪರ್ಸಿವಲ್ ಸಹಿ ಹಾಕಿದ. ಸೆರೆ ಸಿಕ್ಕ ಮಲಯ ರೆಜಿಮೆಂಟಿನವರನ್ನು ಜಪಾನಿಯರು ತಮ್ಮ ಕಡೆಗೆ ಸೆಳೆಯಲು ನೋಡಿದರು. ಒಪ್ಪದ ಕೆಲವು ಮಲಯ ಅಧಿಕಾರಿಗಳಿಗೆ ಮರಣದಂಡನೆ ಆಯಿತು.

ಕೊನೆಗೆ ನಿಮ್ಮ ಮೈಸೂರಿನ ಪ್ರಶ್ನೆ. ಹೌದು, ಇದ್ದರು. ಬುಕಿತ್ ಚಂಡುವಿನ ಕಂದಕಗಳಲ್ಲಿ ಅಲ್ಲ, ಆ ಗುಡ್ಡ ಮಲಯರದೇ. ಆದರೆ ಯುದ್ಧಕ್ಕೆ ದೇಶೀ ಸಂಸ್ಥಾನಗಳು ಕಳಿಸಿಕೊಟ್ಟ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಪದಾತಿ ಬೆಟಾಲಿಯನ್ ಒಂದು, ‘1ನೆಯ ಮೈಸೂರು ಇನ್‌ಫೆಂಟ್ರಿ’. ಅದು ಸಿಂಗಪುರ ದ್ವೀಪದಲ್ಲಿತ್ತು, ಊರು ಬಿದ್ದಾಗ ಉಳಿದವರೊಡನೆ ಸೆರೆ ಸಿಕ್ಕಿತು. ಹೈದರಾಬಾದ್, ಬಹಾವಲ್ಪುರ, ಜಿಂದ್, ಕಪುರ್ತಲಾ ಸಂಸ್ಥಾನಗಳ ಪಡೆಗಳೂ ಆ ರಣರಂಗದಲ್ಲಿದ್ದವು. ಹೈದರಾಬಾದಿನ ಪಡೆ ಮೊದಲ ದಿನವೇ ಕೋತಾ ಭಾರುವಿನ ವಿಮಾನ ನಿಲ್ದಾಣದ ಕಾವಲಿಗಿತ್ತು. ಮೈಸೂರು ಎಂದರೆ ನಮ್ಮವರಿಗೆ ತಟ್ಟನೆ ನೆನಪಾಗುವುದು 1918ರ ಹೈಫಾ, ಅಲ್ಲಿನ ಕುದುರೆ ದಳದ ಗೆಲುವು. ಗೆದ್ದ ಕಥೆಯಾದ್ದರಿಂದ ಅದಕ್ಕೆ ಬೆಂಗಳೂರಿನಲ್ಲಿ ಸ್ಮಾರಕವೂ ಇದೆ. ಸಿಂಗಪುರದಲ್ಲಿ ಸೆರೆಯಾದ ಕಾಲಾಳುಗಳ ಬಗ್ಗೆ ನಾವು ಬಹಳ ಕಡಿಮೆ ಮಾತನಾಡಿದ್ದೇವೆ.

ಸೆರೆಯಾದ ಎರಡನೆಯ ದಿನ, ಫೆಬ್ರವರಿ 17ರಂದು, ಭಾರತೀಯ ಸೈನಿಕರನ್ನೆಲ್ಲ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿದರು. ಬ್ರಿಟಿಷ್ ಅಧಿಕಾರಿ ಅವರನ್ನು ಜಪಾನಿಯರ ವಶಕ್ಕೆ ಒಪ್ಪಿಸಿದ. ಜಪಾನಿಯರು ಕ್ಯಾಪ್ಟನ್ ಮೋಹನ್ ಸಿಂಗ್‌ನ ಕೈಗೆ ಒಪ್ಪಿಸಿದರು. ಆಜಾದ್ ಹಿಂದ್ ಫೌಜಿನ ಮೊದಲ ಅಧ್ಯಾಯ ಆರಂಭವಾಗುವುದು ಅಲ್ಲಿಂದ. ಸೇರಿದವರೂ ಇದ್ದರು, ಸೇರದೆ ಸೆರೆಶಿಬಿರದಲ್ಲಿ ಉಳಿದವರೂ ಇದ್ದರು. ಯಾವ ನಿಷ್ಠೆ ದೊಡ್ಡದು ಎಂಬ ಪ್ರಶ್ನೆ ಆ ಮೈದಾನದಲ್ಲಿ ಅವರಿಗೆ ಎಷ್ಟು ಕಷ್ಟದ್ದಾಗಿತ್ತು ಎಂಬುದು ಬೇರೆಯೇ ಉತ್ತರಕ್ಕೆ ಆಗುವಷ್ಟು ವಿಷಯ. ಯಾರಾದರೂ ಕೇಳಿದರೆ ಬರೆಯುತ್ತೇನೆ.

ಮತ್ತೆ ಮಗಳ ಮನೆಗೆ ಹೋದಾಗ ಎರಡು ಕೆಲಸ ಮಾಡಿ. ಕೆಂಟ್ ರಿಡ್ಜ್ ಉದ್ಯಾನದಿಂದ ಮರಗಳ ಮೇಲಿನ ಕಾಲುಸೇತುವೆ ಹಿಡಿದು ಬುಕಿತ್ ಚಂಡುವಿಗೆ ನಡೆದು ಹೋಗಿ, ದಿಣ್ಣೆಸಾಲು ಹೇಗೆ ಒಂದಕ್ಕೊಂದು ಅಂಟಿಕೊಂಡಿದೆ, ಪಶ್ಚಿಮದ ತುದಿ ಹೋದರೆ ಪೂರ್ವದ ಗುಡ್ಡ ಏಕೆ ಉಳಿಯುವುದಿಲ್ಲ ಎಂಬುದು ಕಾಲಿಗೇ ತಿಳಿಯುತ್ತದೆ. ಇನ್ನೊಂದು ದಿನ ಉತ್ತರದ ಕ್ರಾಂಜಿ ಯುದ್ಧಸ್ಮಾರಕಕ್ಕೆ ಹೋಗಿ. ಸಮಾಧಿಯಿಲ್ಲದ 24,000ಕ್ಕೂ ಹೆಚ್ಚು ಮಂದಿಯ ಹೆಸರು ಅಲ್ಲಿನ ಕಲ್ಲಿನ ಗೋಡೆಗಳ ಮೇಲಿದೆ; ಅದ್ನಾನನದೂ ಇದೆ. ಭಾರತದ ಪಡೆಗಳ ಪಟ್ಟಿ ಉದ್ದವಾಗಿದೆ, ಬಿಸಿಲು ಜೋರು, ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.